‘ಬೆದೋಲಖ್’ ಪದದ ಅರ್ಥವನ್ನು ನಾನು ನಿರ್ಧರಿಸಿದ ಬಗೆ

ಹೀಬ್ರೂ ಬೈಬಲ್ಲನ್ನು ಮೂಲದಲ್ಲೇ ಓದಲು ಕಲಿಯುತ್ತಿರುವ ಕನ್ನಡಿಗರಿಗಾಗಿ ಪದಟಿಪ್ಪಣಿಗಳನ್ನು ಬರೆಯುತ್ತಿದ್ದಾಗ, ಆದಿಕಾಂಡ 2:12ರ ‘ಬೆದೋಲಖ್’ ನನ್ನನ್ನು ಹಲವು ದಿನ ತಡೆದು ನಿಲ್ಲಿಸಿತು. ಹವೀಲಾ ದೇಶದಲ್ಲಿ ಚಿನ್ನ, ಬೆದೋಲಖ್ ಮತ್ತು ಶೋಹಮ್ ಕಲ್ಲು ಸಿಗುತ್ತವೆ ಎನ್ನುತ್ತದೆ ಆ ವಚನ. ಇಂದಿನ ಹೀಬ್ರೂ ಭಾಷೆಯಲ್ಲಿ ಈ ಪದಕ್ಕೆ ಸ್ಫಟಿಕವೆಂದೇ ಅರ್ಥವಿರುವುದರಿಂದ ನಾನೂ ಮೊದಲು ಹಾಗೆಯೇ ಬರೆದೆ. ಅದು ಅವಸರದ ತಪ್ಪಾಗಿತ್ತು.

ಇಡೀ ಗ್ರಂಥದಲ್ಲಿ ಈ ಪದ ಬರುವುದು ಎರಡೇ ಕಡೆ. ಎರಡನೆಯದಾದ ಅರಣ್ಯಕಾಂಡ 11:7, ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವು ಕೊತ್ತಂಬರಿ ಬೀಜದಂತೆಯೂ ನೋಟಕ್ಕೆ ಬೆದೋಲಖ್‌ನಂತೆಯೂ ಇತ್ತು ಎನ್ನುತ್ತದೆ. ಅಲ್ಲಿ ‘ನೋಟ’ಕ್ಕೆ ಬಳಸಿರುವ ‘ಐನ್’ ಪದದ ಮೂಲಾರ್ಥ ಕಣ್ಣು. ಹಳೆಯ ಗ್ರೀಕ್ ಅನುವಾದಕರು ಒಂದೆಡೆ ಕೆಂಡದ ಬಣ್ಣದ ರತ್ನವೆಂದೂ ಇನ್ನೊಂದೆಡೆ ಸ್ಫಟಿಕವೆಂದೂ ಬರೆದಿದ್ದಾರೆ. 11ನೇ ಶತಮಾನದ ಯಹೂದಿ ಬೈಬಲ್ ವ್ಯಾಖ್ಯಾನಕಾರ ರಾಶಿಯೂ ಇದನ್ನು ರತ್ನವೆಂದೇ ತಿಳಿದರು. ಆದರೆ 1ನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಇದನ್ನು ಸುಗಂಧದ್ರವ್ಯವೆಂದರು; ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ‘ಬುದುಲ್ಹು’ ಕೂಡ ಮರದಿಂದ ಒಸರುವ ಪರಿಮಳದ ಅಂಟೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಸಾಕ್ಷಿ ವಚನದೊಳಗೇ ಇತ್ತು: ‘ಎವೆನ್’, ಅಂದರೆ ಕಲ್ಲು, ಎಂಬ ಪದ ಶೋಹಮ್‌ಗೆ ಮಾತ್ರ ಸೇರಿದೆ, ಬೆದೋಲಖ್‌ಗೆ ಸೇರಿಲ್ಲ. ಅಲ್ಲದೆ ಕೇಳುಗರು ಕಂಡಿರದ ಮನ್ನವನ್ನು ವಿವರಿಸಲು ಕೊತ್ತಂಬರಿಯ ಜೊತೆಗೆ ಇದನ್ನು ಹೆಸರಿಸಿರುವುದರಿಂದ, ಅವರಿಗೆ ಇದು ಬಳಕೆಯಲ್ಲಿದ್ದ ವಸ್ತುವೇ ಆಗಿರಬೇಕು.

ಕಣ್ಣಾರೆ ನೋಡಬೇಕೆನಿಸಿ ಗ್ರಂಧಿಗೆ ಅಂಗಡಿಯಿಂದ ಅಂಥದ್ದೇ ಪರಿಮಳದ ಮರದಂಟಾದ ಗುಗ್ಗುಳ ತಂದು, ಒಂದೊಂದೇ ತುಣುಕನ್ನು ಬಿಸಿಲಿಗೆ ಹಿಡಿದೆ. ಮಾಸಲು ಕಂದಾದರೂ ತೆಳುವಾದ ಅಂಚಿನಲ್ಲಿ ಜೇನಿನಂತೆ ಬೆಳಕು ಹಾಯುತ್ತಿತ್ತು. ಹಳಬರು ಇದನ್ನು ರತ್ನವೆಂದುಕೊಂಡ ಕಾರಣ ಆಗ ನನಗೆ ಹೊಳೆಯಿತು. ರೋಮನ್ನರ ಕಾಲದ ಗ್ರೀಕ್ ನಾವಿಕರ ಕೈಪಿಡಿಯೊಂದು, ಸಿಂಧೂ ನದಿಯ ಮುಖದ ಬಂದರಿನಿಂದಲೂ ಭರೂಚ್‌ನಿಂದಲೂ ಬೆದೋಲಖ್ ಪದವನ್ನೇ ಹೋಲುವ ‘ಬ್ದೆಲ್ಲಾ’ ಎಂಬ ಅಂಟು ರಫ್ತಾಗುತ್ತಿತ್ತು ಎಂದು ದಾಖಲಿಸಿದೆ. ಅದು ನಮ್ಮ ಗುಗ್ಗುಳವೆಂದೇ ವಿದ್ವಾಂಸರು ಗುರುತಿಸುತ್ತಾರೆ.

ಆದರೂ ಅನುವಾದದಲ್ಲಿ ‘ಗುಗ್ಗುಳ’ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಆ ಪದ ಕೇಳಿದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ವೀರಭದ್ರನ ಗುಗ್ಗಳದ ಮೆರವಣಿಗೆ. ಹವೀಲಾದ ಅಂಟು ಇದೇ ಗಿಡದ್ದೆಂದು ಹೇಳಲು ಆಧಾರವೂ ಇಲ್ಲ. ಆದ್ದರಿಂದ ‘ಬೆದೋಲಖ್ ಎಂಬ ಪರಿಮಳದ ಮರದಂಟು’ ಎಂದು ಬರೆದು, ಗುಗ್ಗುಳದ ಹೋಲಿಕೆಯನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟೆ.