ನಾಯಿಬಂಡಿ ಓಟಕ್ಕಾಗಿ ನಾನು ರಾಫಲ್ ಟಿಕೆಟ್ ಮಾರಿದ್ದು

ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್‌ಗೆ ಬಂದ ಮೇಲೆ ನನಗೆ ಹತ್ತಿಕೊಂಡ ಹುಚ್ಚು ಜಾನ್ ಬೇರ್‌ಗ್ರೀಸ್ ನಾಯಿಬಂಡಿ ಓಟ, ಅಂದರೆ ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿಗಳ ಪಂದ್ಯ. ಜನವರಿ ಕೊನೆಯ ಚಳಿಯಲ್ಲಿ, ಸುಪೀರಿಯರ್ ಸರೋವರದ ಉತ್ತರ ದಂಡೆಯ ಕಾಡಿನೊಳಗೆ ಸುಮಾರು 300 ಮೈಲಿ. ರಸ್ತೆ ಇಲ್ಲದ ಕಾಲದಲ್ಲಿ ಟೂ ಹಾರ್ಬರ್ಸ್‌ನಿಂದ ಗ್ರಾಂಡ್ ಮರೇವರೆಗೆ ಅಂಚೆ ಮುಟ್ಟಿಸುತ್ತಿದ್ದ ಇಲ್ಲಿನ ಮೂಲನಿವಾಸಿ ಒಜಿಬ್ವೆ ಸಮುದಾಯದ ಬೇರ್‌ಗ್ರೀಸ್ ಅವರ ಹೆಸರಿನ ಓಟವಿದು. ದಾರಿಯಲ್ಲಿ ನಾಯಿಗಳು ತಂಗುವ ಕಡೆ ಮಲಗಲು ಹುಲ್ಲು ಬೇಕು, ಪಶುವೈದ್ಯರು ಬೇಕು, ರಾತ್ರಿಯೆಲ್ಲ ನಿಲ್ಲುವ ಸ್ವಯಂಸೇವಕರಿಗೆ ಬಿಸಿ ಊಟ ಬೇಕು. ನಮ್ಮ ಕ್ಲಬ್ ಇಂಥ ಖರ್ಚಿಗೆಂದೇ ರಾಫಲ್, ಅಂದರೆ ಟಿಕೆಟ್ ಮಾರಿ, ಚೀಟಿ ಎತ್ತಿ ಬಹುಮಾನ ಕೊಡುವ ಲಾಟರಿ, ನಡೆಸುತ್ತದೆ. ಟಿಕೆಟ್ ಮಾರುವ ಉಸ್ತುವಾರಿ ನನ್ನದು.

ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತುಹೋಗಿದ್ದರಿಂದ ನಮ್ಮವರ ಮೊದಲ ಪ್ರಶ್ನೆ, "ಇದಕ್ಕೆ ಪರ್ಮಿಷನ್ ಇದೆಯಾ?" ಇದೆ. ಮಿನೆಸೋಟ ರಾಜ್ಯದ ಜೂಜು ನಿಯಂತ್ರಣ ಮಂಡಳಿಗೆ ಮೊದಲೇ ಅರ್ಜಿ ಹಾಕಬೇಕು, ಸ್ಥಳೀಯ ಆಡಳಿತದ ಸಹಿ ಬೇಕು, ಡ್ರಾ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಟಿಕೆಟ್ ದುಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದು ದೇಣಿಗೆಯಲ್ಲ ಎಂಬುದನ್ನೂ ಕೊಳ್ಳುವವರಿಗೆ ನಾನೇ ಹೇಳುತ್ತೇನೆ. ಇಲ್ಲಿಯವರಿಗೆ ಇದೇನೂ ಹೊಸದಲ್ಲ. ಬಾರುಗಳಲ್ಲಿ ಮಾಂಸದ ಪೊಟ್ಟಣಗಳನ್ನೇ ಬಹುಮಾನವಾಗಿಟ್ಟು ರಾಫಲ್ ಮಾಡುವ ಊರಿದು.

ಬಹುಮಾನಕ್ಕೆ ಕ್ಲಬ್ಬಿನ ದುಡ್ಡು ಹಾಕಬಾರದು ಎಂದು ನಾನು ಹಟ ಹಿಡಿದೆ. ಸರೋವರದ ದಂಡೆಯ ಲಾಡ್ಜಿನವರು ಎರಡು ರಾತ್ರಿಯ ವಾಸ್ತವ್ಯ ಕೊಟ್ಟರು, ಅಜ್ಜಿಯೊಬ್ಬರು ಕೈಯಲ್ಲೇ ಹೊಲಿದ ಕೌದಿ ಕೊಟ್ಟರು, ಇನ್ನೊಬ್ಬರು ಒಂದು ಲೋಡ್ ಸೀಳಿದ ಸೌದೆ. ಜನ ಟಿಕೆಟ್ ಕೊಂಡದ್ದು ಹೆಚ್ಚಾಗಿ ಸೌದೆಯ ಆಸೆಗೆ! ಬಹುಮಾನ ನಾಲ್ಕೈದಿದ್ದರೆ ಸಾಕು. ಉದ್ದ ಪಟ್ಟಿ ಯಾರೂ ಓದುವುದಿಲ್ಲ.

ಮಾರಾಟಕ್ಕೆ ನಿಜವಾಗಿ ನೆರವಾದದ್ದು ಒಂದು ಚಿಕ್ಕ ವಸ್ತು: ನಾಯಿಯ ಬೂಟಿ. ಗಟ್ಟಿ ನೈಲಾನ್ ಬಟ್ಟೆಯ ಚೀಲ, ಕಾಲಿಗೆ ಬಿಗಿಯಲು ವೆಲ್ಕ್ರೋ ಪಟ್ಟಿ, ಥೇಟ್ ಕೂಸಿನ ಕಾಲುಚೀಲದ ಹಾಗೆ. ಓಡಿ ಸವೆದು ತುದಿ ತೂತಾದ ಒಂದನ್ನು ಹೊಸದರ ಪಕ್ಕ ಮೇಜಿನ ಮೇಲಿಡುತ್ತಿದ್ದೆ. ಟ್ವಿನ್ ಸಿಟೀಸ್‌ನಲ್ಲಿ (ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರ) ಕನ್ನಡದವರು ಸೇರಿದ್ದ ದೀಪಾವಳಿ ಊಟದ ಹೊತ್ತಿಗೆ, ಮಗಳ ಮನೆಗೆಂದು ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಅದನ್ನು ಬೆರಳಿಗೆ ತೊಡಿಸಿ ನೋಡಿದರು.

"ನಾಯಿಗೂ ಕಾಲುಚೀಲನೇನಮ್ಮಾ?"

"ಹೂಂ ಅಮ್ಮ, ಬೆರಳ ಸಂದಿಗೆ ಹಿಮ ಉಂಡೆ ಕಟ್ಟಿ ಗಾಯ ಆಗುತ್ತೆ. ಹನ್ನೆರಡು ನಾಯಿ ಇದ್ರೆ ಒಂದ್ಸಲಕ್ಕೆ ನಲವತ್ತೆಂಟು ಬೇಕು. ಹರಿದ ಹಾಗೆ ಬದಲಾಯಿಸ್ತಾ ಇರಬೇಕು."

ಅವರು ಮಗಳ ಕಡೆ ತಿರುಗಿ, "ತಗೊಳ್ಳೇ ಎರಡು" ಎಂದರು. ಆ ಮೇಜಿನ ಸುತ್ತ ನಿಂತವರಿಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ.

ಲೆಕ್ಕದಲ್ಲಿ ಮಾತ್ರ ಸಲಿಗೆ ಇಟ್ಟುಕೊಳ್ಳಲಿಲ್ಲ. ಟಿಕೆಟ್ ಪುಸ್ತಕ ಒಯ್ದವರು ಕ್ರಮಸಂಖ್ಯೆ ನೋಡಿ ಸಹಿ ಹಾಕಬೇಕು, ಮಾರದ್ದನ್ನು ತಿರುಗಿ ಕೊಡಬೇಕು. ನಮ್ಮಲ್ಲಿ ಉಳಿಯುವ ಅರ್ಧಚೀಟಿಯ ಮೇಲೆ ಹೆಸರು, ಫೋನ್ ನಂಬರನ್ನು ಕೊಂಡವರ ಎದುರಿಗೇ ಓದಿ ಖಚಿತಪಡಿಸಿಕೊಳ್ಳುತ್ತಿದ್ದೆ. ಚಳಿಗೆ ಮರಗಟ್ಟಿದ ಕೈಯ ಬರಹ ಯಾರಿಗೂ ಅರ್ಥವಾಗುವುದಿಲ್ಲ. ಅರ್ಧಚೀಟಿಗೂ ನಗದಿಗೂ ತಾಳೆಯಾದ ಮೇಲೆಯೇ ಡ್ರಾ, ಅದೂ ಎಲ್ಲರ ಎದುರಿಗೆ.

ಟಿಕೆಟ್ಟಿನ ಮೇಲೆ ತಪ್ಪದೆ ಅಚ್ಚು ಹಾಕಿಸಬೇಕಾದ ಇನ್ನೊಂದು ಸಾಲಿದೆ: "ಓಟ ನಡೆಯದಿದ್ದರೂ ಡ್ರಾ ನಡೆಯುತ್ತದೆ." 2024ರಲ್ಲಿ ಸಾಕಷ್ಟು ಹಿಮ ಬೀಳದೆ ಬೇರ್‌ಗ್ರೀಸ್ ಓಟ ರದ್ದಾಯಿತು. ಆ ಸಾಲು ಇದ್ದದ್ದರಿಂದ ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಹೇಳಿದ ದಿನವೇ ಚೀಟಿ ಎತ್ತಿದೆವು, ಸೌದೆ ಗೆದ್ದವರ ಮನೆಗೆ ಲೋಡ್ ಮುಟ್ಟಿಸಿದೆವು, ಉಳಿದ ದುಡ್ಡನ್ನು ಮುಂದಿನ ವರ್ಷದ ಹುಲ್ಲಿಗೆ ತೆಗೆದಿಟ್ಟೆವು.