ಇಂಟರ್‌ಕಾಮ್ ಮೂರು ಸಲ ರಿಂಗಾದ ರಾತ್ರಿ

ಹುಬ್ಬಳ್ಳಿಯ ಲಾಡ್ಜ್ ಒಂದರಲ್ಲಿ 12-13 ವರ್ಷದಿಂದ ರಾತ್ರಿ ಪಾಳಿ ನನ್ನದು. ಬ್ಯಾಗಿಲ್ಲದೆ, ಕೆಂಪು ಕಣ್ಣಲ್ಲಿ ಬರುವ ಒಂಟಿ ಗಿರಾಕಿ ರೂಮಲ್ಲಿ ಜೀವ ಕಳೆದುಕೊಂಡಾನು ಅನ್ನೋ ಭಯಕ್ಕೆ "ರೂಮ್ ಫುಲ್" ಅನ್ನೋದು ನಮ್ಮಲ್ಲಿ ವಾಡಿಕೆ. ನಾನೂ ಅಂದಿದ್ದೆ. ಒಬ್ಬ ಸಿಟ್ಟಿಗೆದ್ದು ಕೌಂಟರ್ ಗಾಜು ಒಡೆದ, ಸುಮಾರು 4,500 ರೂಪಾಯಿ ಹೋಯಿತು. ಇನ್ನೊಬ್ಬನಿಗೆ ರೂಮ್ ಕೊಟ್ಟು, ಹೆದರಿ ಸೀದಾ ತುರ್ತು ನಂಬರ್ 112ಕ್ಕೆ ಫೋನ್ ಮಾಡಿದೆ. ಪೊಲೀಸ್ ಜೀಪ್ ಕಂಡದ್ದೇ ತಡ, ಹಿಂಬಾಗಿಲಿಂದ ಓಡಿಹೋದ. ಅವನು ಏನಾದ ಅಂತ ಇವತ್ತಿಗೂ ಗೊತ್ತಿಲ್ಲ. ಗಾಜಿಗಿಂತ ಅದೇ ಜಾಸ್ತಿ ಕಾಡುತ್ತದೆ.

ಆಮೇಲೆ ಕೌಂಟರ್ ಪಕ್ಕದ 3ನೇ ನಂಬರ್ ರೂಮನ್ನು ಇಂಥವರಿಗೇ ಇಟ್ಟೆ. ಹೊರಗಿಂದಲೂ ತೆಗೆಯಬಹುದಾದ ಚಿಲಕ ಹಾಕಿಸಿದೆ, 600 ಚಿಲ್ಲರೆ, ನನ್ನ ಜೇಬಿಂದ. ಅದನ್ನು ತೆಗೆಯುವ ಗುಟ್ಟು ಮಾತ್ರ ಇಲ್ಲಿ ಬರೆಯಲ್ಲ. "ಇದು ಲಾಡ್ಜೋ ಆಸ್ಪತ್ರೆಯೋ?" ಅಂದರು ಮಾಲೀಕರು. ಮನಸ್ಸು ಹಗುರಾಗಲಿ ಅಂತ ಕೌಂಟರಲ್ಲಿ ಎಫ್‌ಎಂ ಹಾಕಿಯೂ ನೋಡಿದೆ. ಯಾವುದೋ ಶೋಕದ ಹಾಡು ಬಂದು ಒಬ್ಬರು ಇನ್ನೂ ಜಾಸ್ತಿ ಅತ್ತರು. ಅವತ್ತೇ ಬಂದ್ ಮಾಡಿದೆ.

ಹೋದ ಮಳೆಗಾಲ, ರಾತ್ರಿ ಹನ್ನೊಂದೂವರೆ. ಶರ್ಟ್ ಪೂರ್ತಿ ನೆನೆದ ಹುಡುಗ. ರಿಜಿಸ್ಟರಲ್ಲಿ ಸಹಿ ಹಾಕಿದ, ಹೊಡೆದುಹಾಕಿದ, ಮತ್ತೆ ಹಾಕಿದ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ತೂತಾಯಿತು. 3ನೇ ನಂಬರ್ ಕೊಟ್ಟೆ.

ಒಂದೂವರೆಗೆ ಇಂಟರ್‌ಕಾಮ್ ರಿಂಗಾಯಿತು. ಮಾತಿಲ್ಲ, ಬರೀ ಫ್ಯಾನಿನ ಸದ್ದು. ಮತ್ತೆ ರಿಂಗಾಯಿತು, ಮತ್ತೆ ಅದೇ. ಮೂರನೇ ಸಲ, "ಅಣ್ಣಾ, ಬೆಳಗಾಗೋಕೆ ಇನ್ನೆಷ್ಟು ಹೊತ್ತು?"

ಎರಡು ಕಪ್ ಚಹಾ ಹಿಡಿದು ಬಾಗಿಲು ತಟ್ಟಿದೆ. ಒಳಗೆ ಮಂಚ ಎಳೆದು ಬಾಗಿಲಿಗೆ ಒತ್ತಿದ ಸದ್ದು. "ಹೋಗು" ಅಂತ ಕಿರುಚಿದ. ನಾನು ಚಿಲಕ ಮುಟ್ಟಲಿಲ್ಲ. ರೂಮ್ ಬಾಯ್ 112 ಒತ್ತಿಟ್ಟುಕೊಂಡು ಮೂಲೆಯಲ್ಲಿ ನಿಂತ. ನಾನು ನೆಲದ ಮೇಲೆ ಕೂತೆ, ಮಳೆ ಬಗ್ಗೆ, ಬಸ್ಸಿನ ಬಗ್ಗೆ ಸುಮ್ನೆ ಮಾತಾಡುತ್ತಾ. ಒಳಗೆ ಉಸಿರಾಡೋದು ಕೇಳಿಸುತ್ತಿತ್ತು. ಆ ಸದ್ದು ನಿಂತಿದ್ದರೆ ಮರುಕ್ಷಣವೇ ಒಳಗೆ ನುಗ್ಗುತ್ತಿದ್ದೆ. 40 ನಿಮಿಷವಾದ ಮೇಲೆ ಕೇಳಿದ, "ಚಹಾ ಆರಿತಾ?"

ಮಂಚ ಸರಿಯಿತು, ಬಾಗಿಲು ತೆಗೆಯಿತು. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಸುಮಾರು ಜನ ಹೆದರುತ್ತಾರೆ. ಹಾಗೇನೂ ಆಗಲ್ಲ. ಅವನು ಹೌದು ಅಂತ ತಲೆ ಆಡಿಸಿದ, ಆಮೇಲೆ ಅತ್ತ. ಇಬ್ಬರೂ ಸೇರಿ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತು. ಮುಕ್ಕಾಲು ಗಂಟೆ ಮಾತಾಡಿದ. ಮನೆಯ ನಂಬರ್ ಅವನೇ ಕೊಟ್ಟ. ಬೆಳಗ್ಗೆ ಅವನ ಅಣ್ಣ ಬಂದು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. 700 ಬಾಡಿಗೆ ನಾನು ತಗೊಳ್ಳಲಿಲ್ಲ.

ಹೋದ ವಾರ ಮಾಲೀಕರೇ ಕೇಳಿದರು, "4ನೇ ನಂಬರಿಗೂ ಆ ಚಿಲಕ ಹಾಕಿಸೋಣ, ಅಲ್ವಾ?" ಈ ಸಲ ದುಡ್ಡು ಅವರದೇ.