ಬತ್ತಿದ ಹಳ್ಳದ ಹೆಣ್ಣುಜಿಂಕೆ

ನೀರಿಗೆ ಹಂಬಲಿಸುವ ಜಿಂಕೆಯಂತೆ ಮನ ದೇವರಿಗೆ ಹಂಬಲಿಸುತ್ತದೆ ಎನ್ನುವ ಬೈಬಲಿನ ಕೀರ್ತನೆ 42ರ ಜಿಂಕೆಯನ್ನು ಚಿಕ್ಕಂದಿನಿಂದ ನಾನು ಕಂಡದ್ದು ಕ್ಯಾಲೆಂಡರಿನಲ್ಲಿ: ಹಸಿರು ದಂಡೆ, ತುಂಬಿ ಹರಿಯುವ ತೊರೆ, ಕೊಂಬಿನ ಗಂಡುಜಿಂಕೆ. ಹೀಬ್ರೂ ಕಲಿತು ಮೂಲಕ್ಕೆ ಕೈಹಾಕಿದಾಗ ಎರಡನೇ ಪದಕ್ಕೇ ಎಡವಿದೆ. ‘ಅಯ್ಯಾಲ್’ ಗಂಡು, ಮುಂದಿನ ಕ್ರಿಯಾಪದ ‘ತಅರೋಗ್’, ಅಂದರೆ ಹಂಬಲಿಸುತ್ತಾಳೆ, ಸ್ತ್ರೀಲಿಂಗ. ‘ಅಣ್ಣ ಬಂದಳು’ ಅಂದಹಾಗೆ. ಮೊದಲು ‘ಅಯ್ಯೆಲೆತ್’, ಅಂದರೆ ಹೆಣ್ಣುಜಿಂಕೆ, ಎಂದಿತ್ತು. ಅದರ ಕೊನೆಯ ‘ತ’ವೂ ಮುಂದಿನ ಪದದ ಮೊದಲ ‘ತ’ವೂ ಒತ್ತಟ್ಟಿಗೆ ಬಂದು ನಕಲುಗಾರ ಒಂದನ್ನು ನುಂಗಿಬಿಟ್ಟ ಅನ್ನುವುದು ಹಲವು ವಿದ್ವಾಂಸರ ಊಹೆ. ನಾನೂ ಅದನ್ನೇ ಒಪ್ಪಿದೆ. ಈ ಕ್ರಿಯಾಪದ ಹಳೆಯ ಒಡಂಬಡಿಕೆಯಲ್ಲಿ ಬೇರೆಡೆ ಸಿಗುವುದು ಪ್ರವಾದಿ ಯೋವೇಲನ ಗ್ರಂಥದಲ್ಲಿ, 1:20ರಲ್ಲಿ ಮಾತ್ರ. ಅಲ್ಲಿ ಹಳ್ಳಗಳು ಒಣಗಿ ಕಾಡುಮೃಗಗಳು ದೇವರತ್ತ ಬಾಯಿಬಿಡುತ್ತವೆ. ಅಲ್ಲಿಗೆ ನನ್ನ ಕ್ಯಾಲೆಂಡರಿನ ತೊರೆಯೂ ಬತ್ತಿತು.

ಮುಂದಿನ 43ನ್ನು ಬೇರೆ ಕೀರ್ತನೆ ಎಂದೇ ನಂಬಿ ಹತ್ತು ಪುಟ ಟಿಪ್ಪಣಿ ಬರೆದಿಟ್ಟಿದ್ದೆ. ಒಂದು ರಾತ್ರಿ ಎರಡನ್ನೂ ಒಂದೇ ಹಾಳೆಯಲ್ಲಿ ಕೈಯಾರೆ ಬರೆದು ನೋಡಿದೆ. ‘ನನ್ನ ಮನವೇ, ಯಾಕೆ ಕುಗ್ಗಿದ್ದೀ’ ಎಂಬ ಪಲ್ಲವಿ 42:5, 42:11, 43:5 ಮೂರು ಕಡೆ. 42ಕ್ಕೆ ಗುಡಿಯ ಗಾಯಕ ಮನೆತನವಾದ ಕೋರಹೀಯರ ಹೆಸರಿನ ತಲೆಬರಹವಿದೆ, ಹೀಬ್ರೂವಿನ 43ಕ್ಕೆ ಏನೂ ಇಲ್ಲ. ಮೇಜಿಗೆ ಬೆರಳು ಬಡಿದು ಲಯ ಎಣಿಸಿದೆ: ಮೂರು ಪೆಟ್ಟು, ಎರಡು ಪೆಟ್ಟು. ಬಹುಪಾಲು ಸಾಲುಗಳಲ್ಲಿ ಬೈಬಲಿನ ಶೋಕಗೀತೆಗಳ ಗ್ರಂಥವಾದ ‘ಪ್ರಲಾಪಗಳ’ ಅದೇ ಶೋಕದ ನಡೆ, ಎರಡರಲ್ಲೂ. ಮೊದಲ ಪಲ್ಲವಿಯೊಂದೇ ಕೊಂಚ ಬೇರೆ. ಉಳಿದೆರಡು ಕಡೆ ‘ಪಾನೈ ವೇಲೋಹೈ’ (ನನ್ನ ಮುಖ, ಮತ್ತು ನನ್ನ ದೇವರು). ಇಲ್ಲಿ ‘ಪಾನಾವ್’ಗೆ (ಅವನ ಮುಖ) ವಚನ ಮುಗಿದು, ಮುಂದಿನದು ‘ಎಲೋಹೈ’ ಎಂದು ಶುರು. ಅಕ್ಷರಗಳು ಅವೇ, ‘ವಾವ್’ ಎಂಬ ಒಂದು ಹೀಬ್ರೂ ಅಕ್ಷರ ಮುಂದಿನ ಪದ ಬಿಟ್ಟು ಹಿಂದಿನದಕ್ಕೆ ಅಂಟಿದೆ, ಅಷ್ಟೆ. ಹತ್ತು ಪುಟವೂ ರದ್ದಿಗೆ ಹೋಯಿತು.

ಹಿನ್ನೆಲೆಯ ವಿಷಯದಲ್ಲಿ ಕವಿ ಕೊಟ್ಟಷ್ಟಕ್ಕೇ ನಿಂತೆ. ಯೊರ್ದನ್ ನದಿಯ ಸೀಮೆ, ಹೆರ್ಮೋನ್ ಬೆಟ್ಟ, ಮಿಸಾರ್ ಎಂಬ ಗುಡ್ಡ: ದೇವಾಲಯವಿದ್ದ ಯೆರೂಸಲೇಮಿಗೆ ದೂರದ ಉತ್ತರ, ಹೆರ್ಮೋನಿನ ಹಿಮ ಕರಗಿ ಬುಗ್ಗೆಯಾಗಿ ಚಿಮ್ಮಿ ಯೊರ್ದನ್ ಹುಟ್ಟುವ ಜಾಗ. ಹನಿ ನೀರಿಲ್ಲದ ಜಿಂಕೆಯಿಂದ ಹೊರಟವನು ಇಲ್ಲಿ ಜಲಪಾತದ ಮೊರೆತದಲ್ಲಿ ಮುಳುಗುತ್ತಿದ್ದಾನೆ. ಹಬ್ಬದ ಜನರ ಜೊತೆ ದೇವಾಲಯಕ್ಕೆ ನಡೆದದ್ದನ್ನು ನೆನೆಯುತ್ತಾನೆ, ಗುಡಿಯ ಗಾಯಕನೇ ಇದ್ದರೂ ಇರಬಹುದು. ಯೆಹೂದ್ಯರನ್ನು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ಯುವಾಗ ಹಾಡಿದ್ದು ಎನ್ನುವವರಿದ್ದಾರೆ, ಉತ್ತರದ ಇಸ್ರಾಯೇಲರ ಗುಡಿಯಿದ್ದ ದಾನ್ ಕ್ಷೇತ್ರದ ಹಾಡು ಎನ್ನುವವರೂ ಇದ್ದಾರೆ. ನನಗೆ ಎರಡೂ ಒಗ್ಗಲಿಲ್ಲ. ಸೆರೆಯ ಮಾತು ಪದ್ಯದಲ್ಲೆಲ್ಲೂ ಇಲ್ಲ. ದಾನ್ ಇರುವುದೋ ಹೆರ್ಮೋನಿನ ಬುಡದಲ್ಲೇ. ನಡೆದರೆ ಮುಟ್ಟುವ ಗುಡಿಗೆ ಇಷ್ಟೆಲ್ಲ ಹಂಬಲಿಸುತ್ತಾರೆಯೇ?